ಬಸ್ಸಿನ ಮೊದಲ ಮೆಟ್ಟಿಲು

ಬೆಳಿಗ್ಗೆ ಎಂಟರ ಸುಮಾರಿಗೆ ರಾಯಚೂರು ಜಿಲ್ಲೆಯ ಸಂತೆಕಲ್ಲೂರಿನಲ್ಲಿ ಬಸ್ಸು ನಿಲ್ಲುವ ಕಡೆ ಹೋದರೆ ಊರಿಗೆ ಊರೇ ಹೊರಟು ನಿಂತಂತೆ ಕಾಣುತ್ತದೆ. ಮಸ್ಕಿಯ ಕಾಲೇಜಿಗೆ ಹೋಗುವ ಹುಡುಗಿಯರು, ಲಿಂಗಸುಗೂರಿನ ದವಾಖಾನೆಗೆ ಹೊರಟ ವಯಸ್ಸಾದವರು, ಸಿಂಧನೂರಿನ ಅಂಗಡಿಗಳಲ್ಲಿ ದುಡಿಯುವ ಹುಡುಗರು ಅಲ್ಲಿ ಒಟ್ಟಾಗುತ್ತಾರೆ. ಮೂರು ಊರುಗಳ ಜತೆ ಈ ಹಳ್ಳಿಗಿರುವ ನಂಟನ್ನು ಹಿಡಿದಿಟ್ಟಿರುವುದು ಬಸ್ಸು.

ಬಸ್ಸು ಬಂತು. ಅದು ಪೂರ್ತಿ ನಿಲ್ಲುವ ಮೊದಲೇ ಜನ ಬಾಗಿಲಿಗೆ ಮುಗಿಬಿದ್ದರು. ಯಾರೋ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿದರು. ಒಳಗಿನವರು ಇಳಿಯಲಾರರು, ಹೊರಗಿನವರು ಹತ್ತಲಾರರು. ಆಗ ಕಂಡಕ್ಟರ್ ಕೆಳಗಿಳಿದು ಬಾಗಿಲ ಪಕ್ಕ ನಿಂತರು. “ಇಳಿಯೋರಿಗೆ ಮೊದ್ಲು ದಾರಿ ಬಿಡ್ರಿ. ಯಮ್ಮಾ, ನೀ ಗಡಿಬಿಡಿ ಮಾಡಬ್ಯಾಡ, ನಿನ್ನ ಹತ್ತಿಸಿಕೊಂಡ ಮ್ಯಾಲೇ ರೈಟ್ ಅಂತೀನಿ” ಎಂದರು. ಆ ಅಜ್ಜಿ ಕಂಬಿ ಹಿಡಿದು, ಒಂದು ಕಾಲು ಎತ್ತಿಟ್ಟು, ಉಸಿರು ತೆಗೆದುಕೊಂಡು ಇನ್ನೊಂದು ಕಾಲು ಎಳೆದುಕೊಂಡರು. ಅರ್ಧ ನಿಮಿಷವೂ ಹಿಡಿಯಲಿಲ್ಲ.

ನನ್ನ ಮಟ್ಟಿಗೆ ಸಾರಿಗೆಯ ಸೇವೆ, ಸುರಕ್ಷತೆ ಎರಡೂ ಆ ಅರ್ಧ ನಿಮಿಷದಲ್ಲೇ ಇವೆ. ಮರ್ಯಾದೆಯ ಮಾತು ಒಂದು ಕಡೆ, ಜೀವ ಉಳಿಸುವ ಕೆಲಸ ಇನ್ನೊಂದು ಕಡೆ ಎಂದು ನಾವು ಬೇರೆ ಮಾಡಿ ನೋಡುತ್ತೇವೆ. ಮುಪ್ಪಿನವರು, ಬಸುರಿಯರು, ಚೀಲ ಹೊತ್ತ ಮಕ್ಕಳು ಕಾಲೂರುವ ಮೊದಲೇ ‘ರೈಟ್’ ಬಿದ್ದರೆ ಅಲ್ಲಿ ಎರಡೂ ಒಟ್ಟಿಗೇ ಸೋಲುತ್ತವೆ.

ಸರ್ಕಾರಿ ಬಸ್ಸಿಗೆ ಈ ಸೀಮೆಯಲ್ಲಿ ಹಳೆಯ ಬೇರಿದೆ. ರಾಯಚೂರು ಹಿಂದೆ ನಿಜಾಮರ ಸೀಮೆ. ಹೈದರಾಬಾದ್ ಸಂಸ್ಥಾನ 1932ರಲ್ಲೇ 27 ಬಸ್ಸುಗಳೊಂದಿಗೆ ಸ್ವಂತ ಸಾರಿಗೆ ಶುರು ಮಾಡಿತ್ತು. ಈಗ ಈ ಭಾಗಕ್ಕಿರುವುದು ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮ. 2000ರಲ್ಲಿ ಈಶಾನ್ಯ ಸಾರಿಗೆ ಎಂದು ಹುಟ್ಟಿ, 2021ರಲ್ಲಿ ಹೆಸರು ಬದಲಿಸಿಕೊಂಡಿತು.

ಆ ಬೆಳಗಿನ ಬಸ್ಸಿನೊಳಗೆ ಹೆಣ್ಣುಮಕ್ಕಳೇ ಹೆಚ್ಚು. 2023ರ ಜೂನ್ 11ರಂದು ಉಚಿತ ಪ್ರಯಾಣದ ಶಕ್ತಿ ಯೋಜನೆ ಬಂದ ಮೇಲೆ ಆಧಾರ್ ತೋರಿಸಿ ಶೂನ್ಯ ಟಿಕೆಟ್ ಪಡೆಯುವುದು ಇವರಿಗೆ ದಿನದ ರೂಢಿ. ಪಕ್ಕದಲ್ಲಿ ನಿಂತಿದ್ದ ಒಬ್ಬಾಕೆ, “ಪುಗಸಟ್ಟೆ ಐತಲ್ಲ, ಚೀಟಿ ಯಾಕ ಬೇಕ್ರಿ?” ಎಂದರು. ಬೇಕೇ ಬೇಕು. ಸರ್ಕಾರ ನಿಗಮಕ್ಕೆ ಹಣ ತುಂಬಿಕೊಡುವುದು ಆ ಚೀಟಿಯ ಲೆಕ್ಕದ ಮೇಲೆ. ದಾರಿಯಲ್ಲಿ ಏನಾದರೂ ಆದರೆ ಆ ಬಸ್ಸಿನಲ್ಲಿದ್ದುದಕ್ಕೆ ಸಾಕ್ಷಿಯೂ ಅದೇ. ಇಳಿಯುವವರೆಗೆ ಸೆರಗಿನಲ್ಲಿ ಕಟ್ಟಿಟ್ಟುಕೊಳ್ಳಬೇಕು.

ಬಸ್ಸು ತುಂಬಿದ ಮೇಲೆ ಉಳಿದವರು ಮೂರು ಗಾಲಿಯ ಟಂಟಂ ಹತ್ತುತ್ತಾರೆ. ಭತ್ತದ ನಾಟಿ, ಹತ್ತಿ ಬಿಡಿಸುವ ಕಾಲದಲ್ಲಂತೂ ಕೂಲಿಯ ಹೆಣ್ಣುಮಕ್ಕಳು ಸರಕಿನ ಗಾಡಿಗಳಲ್ಲಿ ಒತ್ತೊತ್ತಾಗಿ ನಿಂತು ಹೋಗುವುದನ್ನು ಸಿಂಧನೂರಿನ ಸುತ್ತಮುತ್ತ ಯಾರಾದರೂ ನೋಡಬಹುದು. ನನ್ನ ನಿಜವಾದ ಆತಂಕ ಇಲ್ಲಿದೆ. 2019ರ ಜನವರಿಯಿಂದ ಹೊಸದಾಗಿ ನೋಂದಣಿಯಾಗುವ ಸಾರ್ವಜನಿಕ ಪ್ರಯಾಣಿಕ ವಾಹನಗಳಿಗೆ ಜಾಡು ಹಿಡಿಯುವ ಸಾಧನ, ತುರ್ತು ಗುಂಡಿ ಕಡ್ಡಾಯ. ಮೂರು ಗಾಲಿಯ ಗಾಡಿಗಳಿಗೆ ಆ ನಿಯಮದಿಂದಲೇ ವಿನಾಯಿತಿ. ಸರಕಿನ ಗಾಡಿಯಲ್ಲಿ ಬರೀ ಪ್ರಯಾಣಿಕರಾಗಿ ಹೋದವರಿಗೆ ಪರಿಹಾರ ಕೊಡುವ ಹೊಣೆ ವಿಮಾ ಕಂಪನಿಯದಲ್ಲ ಎಂದು ಆಶಾರಾಣಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿಯಾಗಿದೆ. ಅಂದರೆ ಬಸ್ಸು ಸಿಗದೆ ಉಳಿದವರು ಸೀಟಿನ ಜತೆಗೆ ಕಾನೂನಿನ ರಕ್ಷಣೆಯ ಒಂದು ಪಾಲನ್ನೂ ಕಳೆದುಕೊಳ್ಳುತ್ತಾರೆ.

ಬಸ್ಸು ಸಿಕ್ಕ ಮಾತ್ರಕ್ಕೆ ಭಯ ತೀರಿತೆಂದಲ್ಲ. ಮಾನ್ವಿ ಬಳಿಯ ಕಪಗಲ್ ಹೆಸರು ಕೇಳಿದರೆ ಈ ಜಿಲ್ಲೆಯ ತಾಯಂದಿರಿಗೆ ಈಗಲೂ ಎದೆ ಝಲ್ಲೆನ್ನುತ್ತದೆ. 2024ರ ಸೆಪ್ಟೆಂಬರ್ 5ರಂದು ಅಲ್ಲಿ ಶಾಲಾ ಬಸ್ಸೂ ಸಾರಿಗೆ ಬಸ್ಸೂ ಡಿಕ್ಕಿಯಾಗಿ ಇಬ್ಬರು ಮಕ್ಕಳು ಜೀವ ಬಿಟ್ಟರು. ಇಂಥದ್ದು ಮತ್ತೆ ಆಗದಿರಲು ಚಾಲಕರ ಎಚ್ಚರದ ಜತೆ ರಸ್ತೆಯೂ ಸರಿಯಿರಬೇಕು.

ಮಸ್ಕಿಯಲ್ಲಿ ಇಳಿದೆ. ಅಶೋಕನ ಹೆಸರಿರುವ ಶಾಸನ 1915ರಲ್ಲಿ ಬೆಳಕಿಗೆ ಬಂದ ಊರು. ಅದನ್ನು ನೋಡಲೆಂದು ದೂರದಿಂದ ಬರುವವರೂ ಇದೇ ಬಸ್ಸುಗಳನ್ನು ನಂಬಬೇಕು. ಅಲ್ಲಿಂದ ಸಿಂಧನೂರಿಗೆ ಹೋದರೆ ನಿಲ್ದಾಣದಲ್ಲಿ ಕನ್ನಡದ ಜತೆ ಉರ್ದು, ತೆಲುಗು, ಪುನರ್ವಸತಿ ಕ್ಯಾಂಪುಗಳಿಂದ ಬಂದವರ ಬಂಗಾಳಿಯೂ ಕಿವಿಗೆ ಬೀಳುತ್ತದೆ. ಬೋರ್ಡು ಓದಲು ಬಾರದವರು ಇಲ್ಲಿ ಬಹಳ. ಅವರಿಗೆ ಕಂಡಕ್ಟರ್ ಊರಿನ ಹೆಸರು ಕೂಗುವ ದನಿಯೇ ಬೋರ್ಡು. “ಮಸ್ಕೀ, ಲಿಂಗ್ಸೂರ್, ಲಿಂಗ್ಸೂರ್” ಎಂಬ ಕೂಗು ಗಟ್ಟಿಯಾಗಿ, ತಾಳ್ಮೆಯಿಂದ ಬಂದರೆ ಒಬ್ಬ ಅಜ್ಜ ತಪ್ಪು ಬಸ್ಸು ಹತ್ತುವುದು ತಪ್ಪುತ್ತದೆ.

ನಿಲ್ದಾಣದಲ್ಲಿ ಜನ ಮತ್ತೆ ಮತ್ತೆ ಕೇಳುತ್ತಿದ್ದುದು ಒಂದೇ ಪ್ರಶ್ನೆ: “ಸಂಜೀಗೆ ಕಡೀ ಬಸ್ಸು ಎಷ್ಟಕ್ಕೈತ್ರಿ?” ಅದರ ಉತ್ತರವನ್ನು ಸಂತೆಕಲ್ಲೂರಿನಂಥ ಪ್ರತಿ ನಿಲುಗಡೆಯ ಗೋಡೆಯ ಮೇಲೂ ದಪ್ಪ ಅಕ್ಷರದಲ್ಲಿ ಬರೆಸಬೇಕು. ವೇಳೆ ಬದಲಾದ ದಿನವೇ ಅದನ್ನು ಅಳಿಸಿ ತಿದ್ದಬೇಕು. ಇದಕ್ಕೆ ಬೇಕಾದದ್ದು ಒಂದು ಡಬ್ಬಿ ಬಣ್ಣ, ಅದನ್ನು ನೋಡಿಕೊಳ್ಳುವ ಒಬ್ಬ ಮನುಷ್ಯ.