ಮಕ್ಕಳ ಸೋಲು ಗೆಲವು

ಜಗಲಿಯ ಮೇಲೆ ಮಕ್ಕಳು ಚೌಕಾಬಾರ ಆಡುವುದನ್ನು ತಾವೆಲ್ಲರೂ ಕಂಡಿರಬಹುದು. ಹಣ್ಣಾಗಲು ಎರಡೇ ಮನೆ ಉಳಿದಿರುವಾಗ ಎದುರಾಳಿ ಕಡಿದುಬಿಟ್ಟರೆ, ಆ ಕಾಯಿ ಮೊದಲ ಮನೆಗೆ ಹಿಂದಿರುಗಬೇಕು. ಪುಟ್ಟ ಮಗು ಕವಡೆಗಳನ್ನು ಚೆಲ್ಲಿ ಅಳುತ್ತದೆ. ಅದರ ಅಳುವನ್ನು ನೋಡಲಾರದೆ ಹಿರಿಯರು ಮುಂದಿನ ಆಟದಲ್ಲಿ ಬೇಕೆಂದೇ ಸೋಲುವರು. ಇದು ವಾತ್ಸಲ್ಯವೇ ಸರಿ; ಆದರೆ ಇದರಿಂದ ಮಗುವಿಗೆ ಒಂದು ಪಾಠ ತಪ್ಪಿಹೋಗುತ್ತದೆ. ಕಡಿಸಿಕೊಂಡ ಕಾಯಿಯೂ ಮತ್ತೆ ನಡೆಯಬಹುದೆಂಬುದೇ ಆ ಪಾಠ.

ಈ ಪಾಠವಿಲ್ಲದೆ ಬೆಳೆದವರನ್ನು ನಾನು ಕಾಲೇಜಿನಲ್ಲಿ ಪ್ರತಿವರ್ಷವೂ ಕಾಣುತ್ತೇನೆ. ಶಾಲೆಯಲ್ಲಿ ಮೊದಲನೆಯ ಸ್ಥಾನವನ್ನು ಎಂದೂ ಬಿಡದಿದ್ದ ವಿದ್ಯಾರ್ಥಿ ಮೊದಲ ಸೋಲಿಗೇ ಎಲ್ಲರಿಗಿಂತ ಹೆಚ್ಚಾಗಿ ಕುಗ್ಗಿಹೋಗುವುದುಂಟು. ಬಾಲ್ಯದಿಂದಲೂ ಅವನನ್ನು 'ಜಾಣ, ಜಾಣ' ಎಂದು ಹೊಗಳಿರುತ್ತೇವೆ. ಅಂಕಗಳು ಕಡಮೆಯಾದೊಡನೆ ತಾನು ಜಾಣನಲ್ಲವೆಂದೂ, ಮನೆಯವರ ಮನ್ನಣೆಗೆ ಇನ್ನು ತಾನು ಅರ್ಹನಲ್ಲವೆಂದೂ ಅವನು ತರ್ಕಿಸುತ್ತಾನೆ.

ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾನಿಲಯದ ಮ್ಯೂಲರ್ ಮತ್ತು ಡ್ವೆಕ್ ಎಂಬ ವಿದುಷಿಯರು 1998ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಇಲ್ಲಿ ಸ್ಮರಣೀಯವಾಗಿದೆ. ಐದನೆಯ ತರಗತಿಯ ಮಕ್ಕಳಿಗೆ ಅವರು ಕೆಲವು ಸಮಸ್ಯೆಗಳನ್ನು ಕೊಟ್ಟು, ಕೆಲವರ ಬುದ್ಧಿಯನ್ನೂ ಕೆಲವರ ಶ್ರಮವನ್ನೂ ಹೊಗಳಿದರು. ಬಳಿಕ ಬಹು ಕಠಿನವಾದ ಸಮಸ್ಯೆಗಳನ್ನು ಕೊಟ್ಟು ಎಲ್ಲರಿಗೂ ಸೋಲಿನ ಅನುಭವವಾಗುವಂತೆ ಮಾಡಿದರು. ಮತ್ತೆ ಮೊದಲಿನಷ್ಟೇ ಸುಲಭವಾದವುಗಳನ್ನು ಕೊಟ್ಟಾಗ, ಬುದ್ಧಿಯ ಹೊಗಳಿಕೆ ಪಡೆದವರು ಮೊದಲಿಗಿಂತ ಹಿಂದೆ ಬಿದ್ದರು. ಶ್ರಮದ ಹೊಗಳಿಕೆ ಪಡೆದವರು ಮುಂದುವರಿದರು. ಒಂದೇ ಪ್ರಯೋಗದ ಮೇಲೆ ಸಿದ್ಧಾಂತವನ್ನು ಕಟ್ಟಲಾಗದು. ಆದರೂ ನಮ್ಮ ಮೆಚ್ಚಿಕೆಯ ಮಾತೇ ಮಗುವಿಗೆ ಹೊರೆಯಾಗಬಲ್ಲುದೆಂಬ ಎಚ್ಚರಿಕೆ ಇದರಿಂದ ದೊರೆಯುತ್ತದೆ.

ಹಾಗೆಂದು ಸ್ಪರ್ಧೆಯನ್ನೇ ತೊಡೆದುಹಾಕಬೇಕೆಂದಲ್ಲ. ಓಟದಲ್ಲಿ ಜೊತೆಗಾರನಿದ್ದರೆ ಕಾಲಿಗೆ ಹುರುಪು ಬರುತ್ತದೆ. ಆದರೆ ನೆರೆಮನೆಯ ಹುಡುಗನ ಅಂಕಗಳನ್ನು ನಿತ್ಯವೂ ಎತ್ತಿಹೇಳುತ್ತಿದ್ದರೆ ಆ ಹುಡುಗನ ಮೇಲೆ ಅಸೂಯೆಯೂ ತನ್ನ ಮೇಲೆ ಜುಗುಪ್ಸೆಯೂ ಬೆಳೆದಾವು. ಮಗುವಿನ ಹೋದ ತಿಂಗಳ ಲೆಕ್ಕವನ್ನೂ ಈ ತಿಂಗಳ ಲೆಕ್ಕವನ್ನೂ ಒಟ್ಟಿಗಿಟ್ಟು ನೋಡುವುದು ಲೇಸು. ಎಲ್ಲಿ ತಪ್ಪಿತು, ಏಕೆ ತಪ್ಪಿತು ಎಂದು ಅದರೊಡನೆಯೇ ಕುಳಿತು ವಿಚಾರಿಸಬೇಕು. ಬರಿಯ ಸಾಂತ್ವನದಿಂದ ಲೆಕ್ಕ ಸರಿಹೋಗದು.

ನಮ್ಮ ರಾಜ್ಯದಲ್ಲಿ 2024ರಲ್ಲಿ ಎಸ್. ಎಸ್. ಎಲ್. ಸಿ. ಮತ್ತು ದ್ವಿತೀಯ ಪಿ. ಯು. ಸಿ. ವಿದ್ಯಾರ್ಥಿಗಳಿಗೆ ಒಂದೇ ವರ್ಷದಲ್ಲಿ ಮೂರು ಪರೀಕ್ಷೆಗಳ ಅವಕಾಶ ಏರ್ಪಟ್ಟಿತು. ಎಡವಿದವನಿಗೆ ಮತ್ತೆ ದಾರಿ ತೆರೆಯುವ ಇಂಥ ಏರ್ಪಾಡು ಶ್ಲಾಘ್ಯವಾದುದು. ಆದರೆ ಆ ದಾರಿಯಲ್ಲಿ ಹೆಜ್ಜೆಯಿಡುವ ಧೈರ್ಯವನ್ನು ಮನೆಯೇ ಕೊಡಬೇಕು. ಫಲಿತಾಂಶದ ದಿನಗಳಲ್ಲಿ ಪತ್ರಿಕೆಗಳು ತರುವ ದಾರುಣ ಸಮಾಚಾರಗಳನ್ನು ನೆನೆದರೆ ಇದೇನೂ ಸಣ್ಣ ಮಾತಲ್ಲವೆಂದು ತಿಳಿದೀತು.

ಆ ದಿನ ಅನುತ್ತೀರ್ಣನಾದ ಹುಡುಗ ಹೊಸ್ತಿಲಲ್ಲಿ ತಡೆದು ನಿಲ್ಲುತ್ತಾನೆ. ನಮ್ಮ ಮುಖವನ್ನು ನೋಡುತ್ತಾನೆ. ಅಂಕಗಳ ವಿಚಾರ ನಾಳೆಗಿರಲಿ. "ಬಾ ಮಗು, ಕೈಕಾಲು ತೊಳೆದುಕೊ, ಊಟ ಮಾಡೋಣ" ಎಂಬುದು ಅವನ ಕಿವಿಗೆ ಬೀಳುವ ಮೊದಲ ಮಾತಾಗಲಿ.