ಏಳಡಿ ಅಗಲದ ಮನೆ

ದೋಣಿಯ ಹಿಂಬದಿಯ ಮೂಲೆಯಲ್ಲಿ ನಾವು ಗುಡ್ಡೆ ಹಾಕಿದ್ದ ಒದ್ದೆ ಬೂಟು, ಜರ್ಕಿನ್‌ಗಳನ್ನು ನೋಡಿ ಯಜಮಾನರು ನಕ್ಕರು. ‘ಹೆಚ್ಚುಕಡಿಮೆ ಇಷ್ಟೇ ಜಾಗದಲ್ಲಿ ನಾವು ಆರು ಜನ ಇದ್ದೆವು’ ಎಂದರು.

ಅವರು ಸಿಕ್ಕಿದ್ದು ಇಂಗ್ಲೆಂಡಿನ ನಡುಭಾಗದ ಬ್ರಾನ್‌ಸ್ಟನ್‌ನಲ್ಲಿ, ಜನವರಿಯ ಒಂದು ಶನಿವಾರ. ಆಕ್ಸ್‌ಫರ್ಡ್ ಕಾಲುವೆ ಗ್ರ್ಯಾಂಡ್ ಯೂನಿಯನ್ ಕಾಲುವೆಯನ್ನು ಕೂಡುವ ಊರು ಅದು. ಕವೆಂಟ್ರಿಯಲ್ಲಿ ಕೆಲಸದಲ್ಲಿರುವ ಮಂಡ್ಯದ ಗೆಳೆಯ ಎರಡು ದಿನಕ್ಕೆ ನ್ಯಾರೋಬೋಟ್ ಎಂಬ ಕಿರಿದಾದ ಕಾಲುವೆ ದೋಣಿ ಬಾಡಿಗೆಗೆ ಹಿಡಿದಿದ್ದ. ನಾಲ್ವರಿದ್ದೆವು. ರಾತ್ರಿ ಕಟ್ಟಿದ ತೆಳು ಮಂಜುಗಡ್ಡೆ ದೋಣಿ ಹೊರಟಂತೆ ಸುಟ್ಟ ಹಪ್ಪಳದ ಹಾಗೆ ಚಟಚಟ ಮುರಿಯುತ್ತಿತ್ತು. ‘ಇದ್ಯಾವ ಸೀಮೆ ನಾಲೆನಪ್ಪಾ, ಒಂದು ಗದ್ದೆಗೂ ನೀರು ಬಿಡಕಿಲ್ಲ’ ಎಂಬುದು ಗೆಳೆಯನ ಹಳೆಯ ತಕರಾರು.

ನಿಜ, ಇವು ಗದ್ದೆಗಾಗಿ ತೋಡಿದ ನಾಲೆಗಳಲ್ಲ, ಸರಕಿಗಾಗಿ ತೋಡಿದವು. 1761ರಲ್ಲಿ ಬ್ರಿಡ್ಜ್‌ವಾಟರ್ ಕಾಲುವೆ ತೆರೆದು ಕಲ್ಲಿದ್ದಲು ಅಗ್ಗವಾದದ್ದೇ ತಡ, ದೇಶಕ್ಕೆ ಕಾಲುವೆಯ ಹುಚ್ಚು ಹಿಡಿಯಿತು. ಎಂಜಿನಿಯರ್ ಜೇಮ್ಸ್ ಬ್ರಿಂಡ್ಲಿ ಅನೇಕ ಕಾಲುವೆಗಳ ಲಾಕ್‌ಗಳನ್ನು, ಅಂದರೆ ದೋಣಿಯನ್ನು ಏರಿಸಿ ಇಳಿಸುವ ಬಾಗಿಲಿನ ಕಟ್ಟೆಗಳನ್ನು, ಬರೀ ಏಳಡಿ ಅಗಲ ಮಾಡಿದ. ದೋಣಿಯೂ ಏಳಡಿಗೆ ಕುಗ್ಗಿ, ಉದ್ದಕ್ಕೆ ಮಾತ್ರ ಎಪ್ಪತ್ತಡಿ ಬೆಳೆಯಿತು. ಆಮೇಲೆ ರೈಲು ಬಂತು, ಸಾಗಣೆಯ ದರ ಬಿತ್ತು. ಹೆಂಡತಿ ಮಕ್ಕಳೇ ಕೂಲಿಯಿಲ್ಲದ ಆಳುಗಳಾಗಿ ದೋಣಿ ಹತ್ತಿದರು. ಇತಿಹಾಸ ಇಷ್ಟು ಸಾಕು. ನನಗೆ ಬೇಕಿದ್ದದ್ದು ಯಜಮಾನರ ಮಾತು.

ಹುಟ್ಟಿದ್ದೇ ದೋಣಿಯಲ್ಲಿ. ಈಗ ಎಪ್ಪತ್ತೈದರ ಆಸುಪಾಸು. ಸರಕಿಗೆ ಐವತ್ತಡಿ, ಸಂಸಾರಕ್ಕೆ ಹಿಂಬದಿಯ ಹತ್ತಡಿ. ಒಳಗಿಳಿಯುವ ಮೆಟ್ಟಿಲೇ ಕಲ್ಲಿದ್ದಲಿನ ಪೆಟ್ಟಿಗೆ. ಎಡಕ್ಕೆ ಒಲೆ. ಪಕ್ಕದ ಕಪಾಟಿನ ಬಾಗಿಲನ್ನು ಕೆಳಕ್ಕೆ ಬಾಗಿಸಿದರೆ ಊಟದ ಮೇಜು. ತುದಿಯ ಕಪಾಟಿನಿಂದ ಹಲಗೆ ಇಳಿಸಿದರೆ ಅಡ್ಡಡ್ಡಕ್ಕೆ ಅಪ್ಪ ಅಮ್ಮನ ಹಾಸಿಗೆ. ಮಕ್ಕಳಿಗೆ ಬೆಂಚು, ಉಳಿದವರಿಗೆ ನೆಲ. ಇಷ್ಟರೊಳಗೂ ಗೋಡೆಗೆ ಲೇಸಿನಂಥ ಅಂಚಿನ ತಟ್ಟೆಗಳ ಸಾಲು, ಕಪಾಟಿನ ಮೇಲೆಲ್ಲ ಬಣ್ಣದ ಗುಲಾಬಿ, ಕೋಟೆಗಳ ಚಿತ್ರ. ಚಾವಣಿಯ ಮೇಲೆ ಅದೇ ಗುಲಾಬಿಯ ನೀರಿನ ಕ್ಯಾನು. ಹತ್ತಿರದ ಲಾಂಗ್ ಬಕ್ಬಿಯ ಹೆಸರಿನಿಂದ ಅದನ್ನು ಇಂದಿಗೂ ಬಕ್ಬಿ ಕ್ಯಾನ್ ಎನ್ನುತ್ತಾರೆ. ಹಿತ್ತಾಳೆ ತಿಕ್ಕದೆ ಅಮ್ಮ ಮಲಗಿದ್ದನ್ನು ಯಜಮಾನರು ಕಂಡಿಲ್ಲವಂತೆ. ಶಾಲೆ? ಸರಕು ತುಂಬುವುದಕ್ಕೆ ಕಾಯುವಾಗ ಎರಡು ದಿನ ಈ ಊರಲ್ಲಿ, ಮುಂದಿನ ವಾರ ಇನ್ನೊಂದೂರಲ್ಲಿ. ಓದುವುದನ್ನು ಸರಿಯಾಗಿ ಕಲಿತದ್ದು ಮದುವೆಯಾದ ಮೇಲೆ, ಹೆಂಡತಿಯಿಂದ.

1962ರ ಕ್ರಿಸ್‌ಮಸ್ ಮುಗಿಯುತ್ತಿದ್ದಂತೆ ಚಳಿ ಬಿತ್ತು. ಮಾರ್ಚ್‌ವರೆಗೆ ಬಿಡಲಿಲ್ಲ. ಕಾಲುವೆ ಕಲ್ಲಾಯಿತು, ತುಂಬಿದ ದೋಣಿಗಳು ನಿಂತಲ್ಲೇ ನಿಂತವು. ಸರಕು ಲಾರಿಗೆ ಹೋಯಿತು. ಹೊಸದಾಗಿ ಬಂದಿದ್ದ ಸರ್ಕಾರಿ ಜಲಮಾರ್ಗ ಮಂಡಳಿ 1963ರಲ್ಲಿ ತನ್ನ ಬಹುಪಾಲು ದೋಣಿ ಸಾಗಣೆಯನ್ನು ನಿಲ್ಲಿಸಿತು. ‘ಮಂಜು ಕರಗಿತು, ಕೆಲಸ ಬರಲಿಲ್ಲ.’ ಅಪ್ಪ ಇಟ್ಟಿಗೆ ಕಾರ್ಖಾನೆ ಸೇರಿದರಂತೆ. ಆ ಬಳಿಕವೂ ಒಂದೆರಡು ಕಡೆ ದೋಣಿ ಓಡಿದ್ದುಂಟು. ಇದೇ ದಾರಿಯಲ್ಲಿ ಲಂಡನ್ನಿನ ಸೌತಾಲ್‌ನ ಜಾಮ್ ಕಾರ್ಖಾನೆಗೆ ಕಲ್ಲಿದ್ದಲು ಒಯ್ಯುವುದು 1970ರಲ್ಲಿ ನಿಂತಿತು.

ಬ್ರಾನ್‌ಸ್ಟನ್‌ನಲ್ಲಿ ಆರು ಲಾಕ್‌ಗಳು. ಕೆಳಗಿನ ಬಾಗಿಲು ಮುಚ್ಚಿ, ಮೇಲಿನ ತೂಬು ಎತ್ತಿದರೆ ನೀರು ತುಂಬಿ ದೋಣಿ ತಾನಾಗಿ ಏರುತ್ತದೆ. ಬಾಗಿಲಿನ ಮರದ ತೊಲೆಗೆ ಬೆನ್ನು ಕೊಟ್ಟು ತಳ್ಳಬೇಕು. ತೂಬು ಎತ್ತುವ ಕಬ್ಬಿಣದ ಹಿಡಿಕೆ ಕೈಗವಸಿನೊಳಗೂ ಕೊರೆಯುತ್ತಿತ್ತು. ನಾವು ಮೂವರು ಏದುಸಿರು ಬಿಡುತ್ತಿದ್ದರೆ ಯಜಮಾನರು ಸೊಂಟದ ಬೆಲ್ಟಿಗೆ ಸಿಕ್ಕಿಸಿಕೊಂಡ ತಮ್ಮದೇ ಹಿಡಿಕೆ ತೆಗೆದು ಅರ್ಧ ಹೊತ್ತಿನಲ್ಲಿ ಮುಗಿಸುತ್ತಿದ್ದರು. ಗಂಟೆಗೆ ನಾಲ್ಕು ಮೈಲಿ ಮೀರುವಂತಿಲ್ಲ ಎಂಬ ನಿಯಮ ನಮಗೆ ಬೇಕಾಗಲೇ ಇಲ್ಲ.

ಈಗ ಈ ನೀರಿನ ಮೇಲೆ ಇರುವವರು ಬಹುತೇಕ ನಮ್ಮಂಥ ಬಿಡುವಿನವರು, ಇಲ್ಲವೇ ದೋಣಿಯನ್ನೇ ಮನೆ ಮಾಡಿಕೊಂಡ ಹೊಸಬರು. 2012ರಿಂದ ಒಂದು ಟ್ರಸ್ಟ್ ಸುಮಾರು 2,000 ಮೈಲಿ ಜಲಮಾರ್ಗವನ್ನು ನೋಡಿಕೊಳ್ಳುತ್ತಿದೆ. 2027ರಿಂದ ಸರ್ಕಾರದ ಅನುದಾನ ಇಳಿಯಲಿದೆ. ಇನ್ನೂರು ವರ್ಷದ ಇಟ್ಟಿಗೆ ಗೋಡೆಗಳಿಗೆ ಇದು ಒಳ್ಳೆಯ ಸುದ್ದಿಯಲ್ಲ.

ಆರನೇ ಲಾಕ್ ದಾಟಿದ ಮೇಲೆ ಸುರಂಗ. 1,867 ಮೀಟರ್ ಕತ್ತಲು. ‘ಬನ್ನಿ, ಆಚೆ ತುದಿವರೆಗೆ’ ಎಂದು ಗೆಳೆಯ ಕರೆದ. ಯಜಮಾನರು ಫಿಲ್ಟರ್ ಕಾಫಿಯ ಲೋಟ ವಾಪಸು ಕೊಟ್ಟು, ‘ಬೇಡಪ್ಪ, ಮನೇಲಿ ಹೀಟರ್ ಹಾಕಿ ಬಂದಿದ್ದೇನೆ’ ಎಂದು ತಿರುಗಿ ನಡೆದರು.

ಹೋಗುವವರು ಉಣ್ಣೆಯ ಕಾಲುಚೀಲ ಎರಡು ಜೊತೆ ಒಯ್ಯಿರಿ. ಚಳಿಗಾಲದಲ್ಲಿ ಲಾಕ್‌ಗಳ ರಿಪೇರಿ ನಡೆಯುತ್ತದೆ, ದಾರಿ ತೆರೆದಿದೆಯೇ ವಿಚಾರಿಸಿಕೊಳ್ಳಿ. ಲಾಕ್ ಹತ್ತುವ ಮೊದಲು ದಿಬ್ಬದ ಮೇಲಿನ ಚರ್ಚಿಗೂ ಹೋಗಿಬನ್ನಿ. ದೋಣಿಯವರಲ್ಲಿ ಅನೇಕರನ್ನು ಮಣ್ಣು ಮಾಡಿರುವುದು ಅಲ್ಲಿ. ಯಜಮಾನರ ತಂದೆ ತಾಯಿಯೂ ಅಲ್ಲೇ ಇದ್ದಾರೆ.