‘ಊಟ ಗೀಟ ಬೇಡ’ ಎನ್ನುವ ಮಗುವಿಗೆ ಪ್ರಾಸ ಗೊತ್ತು

‘ಚಾಕಲೇಟು ಗೀಕಲೇಟು ಏನೂ ಇಲ್ಲ, ಮೊದಲು ಊಟ ಮಾಡು’ ಎಂದು ಅಮ್ಮ ಗದರಿದರೆ, ಮೂರು–ನಾಲ್ಕು ವರ್ಷದ ಮಗು ‘ಊಟ ಗೀಟ ಬೇಡ’ ಎಂದು ಅಷ್ಟೇ ಚುರುಕಾಗಿ ತಿರುಗಿಸಿ ಹೇಳುತ್ತದೆ. ಪದದ ಮೊದಲ ಅಕ್ಷರ ಕಿತ್ತು, ಅದು ಹ್ರಸ್ವವಾಗಿದ್ದರೆ ‘ಗಿ’, ದೀರ್ಘವಾಗಿದ್ದರೆ ‘ಗೀ’ ಕೂರಿಸಿ, ಉಳಿದದ್ದನ್ನು ಹಾಗೇ ಬಿಡಬೇಕು ಎಂದು ಯಾರೂ ಅದಕ್ಕೆ ಹೇಳಿಕೊಟ್ಟಿಲ್ಲ. ಅರ್ಥವನ್ನು ಪಕ್ಕಕ್ಕಿಟ್ಟು ಮಾತಿನ ಸದ್ದನ್ನಷ್ಟೇ ಹಿಡಿಯುವ ಈ ಕಿವಿಯೇ ಓದು ಕಲಿಯುವವರಿಗೆ ಬೇಕಾದ ಬಂಡವಾಳ.

ನಮ್ಮ ಅಂಗನವಾಡಿ, ಎಲ್‌ಕೆಜಿಗಳು ಇದನ್ನು ಬಳಸಿಕೊಳ್ಳುವುದು ಕಡಿಮೆ. ಹಾಡಿಸುವುದಿಲ್ಲ ಎಂದಲ್ಲ. ಬೆಳಿಗ್ಗೆ ಬಂದ ಕೂಡಲೇ ಅಭಿನಯ ಗೀತೆ, ಸಾಹೇಬರು ಯಾರಾದರೂ ಬಂದರೆ ಇನ್ನೊಮ್ಮೆ ಅದೇ ಅಭಿನಯ ಗೀತೆ. ಎಲ್ಲರೂ ಒಟ್ಟಿಗೆ ಕೂಗುವಾಗ ಕೆಲವು ಮಕ್ಕಳು ಬರೀ ಬಾಯಾಡಿಸುತ್ತವೆ. ಯಾರಿಗೆ ಪ್ರಾಸ ಕೇಳಿಸಿತು, ಯಾರಿಗೆ ಇಲ್ಲ ಎಂಬುದು ಟೀಚರ್‌ಗೆ ತಿಳಿಯುವುದೇ ಇಲ್ಲ. ಪ್ರಾಸದ ಆಟಕ್ಕೆ ತಕ್ಕ ಜಾಗ ಕಲಿಕಾ ಮೂಲೆ. ಗೊಂಬೆ ಮೂಲೆ, ಪುಸ್ತಕ ಮೂಲೆ ಎಂದು ಗೋಡೆಗೆ ಚೀಟಿ ಅಂಟಿಸಿರುತ್ತಾರಲ್ಲ, ಅಲ್ಲಿ. (ಆಟಿಕೆ ಹಾಳಾದೀತೆಂದು ಆ ಮೂಲೆಯ ಸಾಮಾನನ್ನೆಲ್ಲ ಬೀರುವಿನಲ್ಲಿಟ್ಟು ಬೀಗ ಹಾಕುವವರೂ ಇದ್ದಾರೆ. ಅದು ಬೇರೆ ಕಥೆ.)

ಖರ್ಚೇನೂ ಇಲ್ಲ. ಹಳೆಯ ಲಗ್ನಪತ್ರಿಕೆಗಳ ಖಾಲಿ ಬದಿಯಲ್ಲಿ ಚಿತ್ರ ಬರೆದರಾಯಿತು: ತಟ್ಟೆ, ಬಟ್ಟೆ, ಮೊಟ್ಟೆ, ಏಣಿ, ದೋಣಿ, ಗೋಣಿ, ಮಳೆ, ಬಳೆ, ಹೊಳೆ. ಚಾಪೆಯ ಮೇಲೆ ನಾಲ್ಕೇ ಮಕ್ಕಳು. ಟೀಚರ್ ಏಣಿ, ದೋಣಿ, ಹುಲಿ ಮೂರನ್ನೂ ಇಟ್ಟು ‘ಇದರಲ್ಲಿ ಜೊತೆಗೆ ಸೇರದೇ ಇರೋದು ಯಾವುದು?’ ಎಂದು ಕೇಳುತ್ತಾರೆ. ಮಗು ಹುಲಿಯನ್ನು ಎತ್ತುತ್ತದೆ. ಶಹಬ್ಬಾಸ್ ಎನ್ನುವ ಮುಂಚೆ ‘ಯಾಕೆ?’ ಎಂದು ಕೇಳಬೇಕು. ‘ಹುಲಿ ಕಚ್ಚುತ್ತೆ ಟೀಚರ್!’ ಎಂಬ ಉತ್ತರ ಬಂದರೆ ಆಶ್ಚರ್ಯವಿಲ್ಲ. ಮಗು ಕೇಳಿಸಿಕೊಂಡದ್ದು ಸದ್ದನ್ನಲ್ಲ, ಯೋಚಿಸಿದ್ದು ಅರ್ಥವನ್ನು. ಅಂಥ ಮಗುವಿನ ಮುಂದೆ ನರಿ, ಕುರಿ, ಹುಲಿ ಇಡಿ. ಮೂರೂ ಪ್ರಾಣಿಗಳೇ ಆದ್ದರಿಂದ ಅರ್ಥ ಇಲ್ಲಿ ಕೈಕೊಡುತ್ತದೆ, ಕಿವಿಯೇ ತೀರ್ಮಾನಿಸಬೇಕು. ಆಟದ ಜಾಣ್ಮೆಯೆಲ್ಲ ಕಾರ್ಡು ಆರಿಸುವುದರಲ್ಲಿದೆ.

ಗೊಂಬೆ ಮೂಲೆಯಲ್ಲಿ ಇದೇ ಅಂಗಡಿ ಆಟವಾಗುತ್ತದೆ. ಬಟ್ಟೆ ಬೇಕಾದವರು ದುಡ್ಡಿನ ಬದಲು ಒಂದು ಪ್ರಾಸಪದ ಕೊಡಬೇಕು. ‘ತಟ್ಟೆ’ ಎಂದರೂ ಆಯಿತು, ‘ಲಟ್ಟೆ’ ಎಂದರೂ ಆಯಿತು. ಅರ್ಥವಿಲ್ಲದ ಪದ ತಪ್ಪೆಂದು ತಿದ್ದುವುದು ಬೇಡವೇ ಬೇಡ. ತಾನೇ ಪದ ಕಟ್ಟಿದ ಮಗು ಎಲ್ಲರಿಗಿಂತ ಒಂದು ಹೆಜ್ಜೆ ಮುಂದಿದೆ.

ಪ್ರಾಸಕ್ಕೂ ಓದಿಗೂ ನಂಟಿದೆ ಎಂಬುದನ್ನು 1983ರಲ್ಲಿ ಬ್ರಿಟನ್ನಿನ ಲಿನೆಟ್ ಬ್ರ್ಯಾಡ್ಲಿ, ಪೀಟರ್ ಬ್ರಯಂಟ್ ‘ನೇಚರ್’ ಪತ್ರಿಕೆಯಲ್ಲಿ ತೋರಿಸಿಕೊಟ್ಟರು. ನಾಲ್ಕೈದು ವರ್ಷದ ಸುಮಾರು 400 ಮಕ್ಕಳಿಗೆ ಅವರು ಕೊಟ್ಟದ್ದೂ ಸದ್ದಿನಲ್ಲಿ ಜೊತೆ ಸೇರದ ಪದ ಹುಡುಕುವ ಕೆಲಸವನ್ನೇ. ಅದರಲ್ಲಿ ಚುರುಕಾಗಿದ್ದವರು ಮುಂದೆ ಓದಿನಲ್ಲೂ ಮುಂದಿದ್ದರು. ಆಟದ ಜೊತೆಗೆ ಪ್ಲಾಸ್ಟಿಕ್ ಅಕ್ಷರಗಳನ್ನೂ ಕೈಗೆ ಕೊಟ್ಟ ಮಕ್ಕಳಿಗೆ ಎಲ್ಲರಿಗಿಂತ ಹೆಚ್ಚು ಲಾಭವಾಯಿತು.

ಹಾಗೆಂದು ಇಂಗ್ಲಿಷಿನ ಕ್ಯಾಟ್–ಬ್ಯಾಟ್ ಕಾರ್ಡುಗಳನ್ನು ಹಾಗೇ ಕನ್ನಡಕ್ಕೆ ಇಳಿಸಿದರೆ ನಡೆಯುವುದಿಲ್ಲ. ನಮ್ಮ ಪದಗಳು ಬಹುಪಾಲು ಸ್ವರದಲ್ಲೇ ಮುಗಿಯುತ್ತವೆ. ಕಾಡು, ಹಾಲು, ಬೇರು ಎಲ್ಲದರ ಕೊನೆಯಲ್ಲೂ ‘ಉ’ಕಾರ. ಅಷ್ಟನ್ನೇ ಪ್ರಾಸ ಎಂದು ಒಪ್ಪಿದರೆ ಆಟವೇ ಸಪ್ಪೆ. ಕೊನೆಯ ಅಕ್ಷರ ಇಡಿಯಾಗಿ ಕೂಡಬೇಕು: ಹಾಲು–ಕೋಲು. ಅದು ಪಳಗಿದ ಮೇಲೆ ಹಿಂದಿನ ಸ್ವರವೂ ಕೂಡಬೇಕು: ಹಾಲು–ಕಾಲು. ಹಳಗನ್ನಡದ ಕವಿಗಳು ಇದಕ್ಕೆ ಹತ್ತಿರದ ನಿಯಮವನ್ನು ಸಾಲಿನ ಎರಡನೆಯ ಅಕ್ಷರದಲ್ಲಿ ಪಾಲಿಸಿದರು. ಅದರ ಹಿಂದೆ ಹ್ರಸ್ವವಿದ್ದರೆ ಸಿಂಹಪ್ರಾಸ, ದೀರ್ಘವಿದ್ದರೆ ಗಜಪ್ರಾಸ, ಸೊನ್ನೆ ಬಂದರೆ ವೃಷಭಪ್ರಾಸ. ಮಳೆಗೂ ಬಾಳೆಗೂ ಅಲ್ಲಿ ಪ್ರಾಸ ಕೂಡುವಂತಿಲ್ಲ. 1911ರಲ್ಲಿ ಮಂಜೇಶ್ವರದ ಗೋವಿಂದ ಪೈ ಈ ಕಟ್ಟನ್ನು ಕಾವ್ಯದಿಂದ ಬಿಡಿಸಿದರು, ಸರಿ. ಆದರೆ ಪುಟ್ಟ ಮಕ್ಕಳ ಪದಗಳಲ್ಲಿ ಹೆಚ್ಚಿನವು ಎರಡಕ್ಷರದವು. ಎರಡನೆಯದೇ ಕೊನೆಯದೂ ಆಗುವುದರಿಂದ ಕವಿಗಳ ಹಳೆಯ ನಿಯಮ ಮೂಲೆಯ ಆಟಕ್ಕೆ ಇಂದಿಗೂ ಹೊಂದುತ್ತದೆ.

ಕನ್ನಡಕ್ಕೆ ಒಂದು ಅನುಕೂಲವೂ ಉಂಟು. ಇಂಗ್ಲಿಷಿನಲ್ಲಿ ಪ್ರಾಸ ಕೂಡಿದರೂ ಸ್ಪೆಲ್ಲಿಂಗ್ ಬೇರೆಯಾಗಬಹುದು. ಇಲ್ಲಿ ಚಿತ್ರದ ಕೆಳಗೆ ಏಣಿ, ದೋಣಿ, ಗೋಣಿ ಎಂದು ಬರೆದರೆ ಕಿವಿಗೆ ಕೇಳಿದ ‘ಣಿ’ ಕಣ್ಣಿಗೂ ಮೂರು ಸಲ ಕಾಣುತ್ತದೆ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಹುಟ್ಟಿ ಆಮೇಲೆ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಹಬ್ಬಿದ ನಲಿ–ಕಲಿ ಪದ್ಧತಿ, ವರ್ಣಮಾಲೆಯ ಸರದಿ ಬಿಟ್ಟು ರ, ಗ, ಸ, ದ, ಅ ಎಂದು ಶುರು ಮಾಡುತ್ತದೆ. ಐದೇ ಅಕ್ಷರ ಬಂದ ಮಗುವಿಗೂ ಸರ–ದರ, ಅಗಸ–ಅರಸ ಎಂಬ ಜೋಡಿಗಳು ಸಿಗುತ್ತವೆ. ಕನ್ನಡ ಮಕ್ಕಳ ಓದನ್ನು ಅಧ್ಯಯನ ಮಾಡಿದ ಸೋನಾಲಿ ನಾಗ್, ಗುಣಿತಾಕ್ಷರ, ಒತ್ತಕ್ಷರಗಳೆಲ್ಲ ಕೈವಶವಾಗಲು ಮಕ್ಕಳಿಗೆ ನಾಲ್ಕನೆಯ ತರಗತಿಯವರೆಗೂ ಸಮಯ ಬೇಕಾಗುತ್ತದೆ ಎಂದು 2007ರಲ್ಲೇ ಬರೆದಿದ್ದಾರೆ. ಇಷ್ಟು ಉದ್ದದ ದಾರಿಯಲ್ಲಿ ಆಟವನ್ನು ಯುಕೆಜಿಗೇ ಮುಗಿಸುವುದು ತರವಲ್ಲ. ಮನೆಯಲ್ಲಿ ತುಳು, ಉರ್ದು, ಲಂಬಾಣಿ ಆಡುವ ಮಗು ತನ್ನ ಮಾತಿನ ಪ್ರಾಸ ತಂದರೆ ಅದಕ್ಕೂ ಒಂದು ಕಾರ್ಡು ಇರಲಿ.

ಅಂಗನವಾಡಿಗೆ ಭೇಟಿ ಕೊಡುವ ಮೇಲ್ವಿಚಾರಕಿಯರಲ್ಲಿ, ಇಲಾಖೆಯ ಅಧಿಕಾರಿಗಳಲ್ಲಿ ಒಂದು ಕೋರಿಕೆ: ಮುಂದಿನ ಸಲ ‘ಎಲ್ಲರೂ ಒಂದು ಹಾಡು ಹೇಳಿ’ ಎನ್ನಬೇಡಿ. ಚಾಪೆಯ ಮೇಲೆ ನಾಲ್ಕು ಮಕ್ಕಳ ಜೊತೆ ಹತ್ತು ನಿಮಿಷ ಕೂತು, ನರಿ, ಕುರಿ, ಹುಲಿ ಇಟ್ಟು ಕೇಳಿ.